ಅಳುವ ಮಗುವಿಗೆ ಹೇಳುವ ಸುಳ್ಳು



ಜೂನ್ ಬಂತು. ನಮ್ಮ ಶಾಲೆಯ ಎಲ್‌ಕೆಜಿ ಬಾಗಿಲಲ್ಲಿ ದಿನವೂ ಅದೇ ಮಾತು: "ಇಲ್ಲೇ ಇರ್ತೀನಿ ಕಂದಾ." ಮಗು ಆಟಿಕೆ ಕಡೆ ತಿರುಗಿದ್ದೇ ತಡ, ತಾಯಿ ಮಾಯ. ಅಳು ತಪ್ಪಿಸುವ ಸುಳ್ಳು ಕರುಣೆಯಲ್ಲವೇ? ನನಗೆ ಹಾಗನ್ನಿಸುವುದಿಲ್ಲ. ತಮಾಷೆಗೂ ಸುಳ್ಳಾಡಬೇಡವೆಂದು ಬುದ್ಧರು ಹೇಳಿದ್ದು ರಾಹುಲನಿಗೆ, ತಮ್ಮ ಮಗನಿಗೇ. ಮೋಸಹೋದ ಮಗು ಮರುದಿನ ಸೆರಗನ್ನೇ ಬಿಡುವುದಿಲ್ಲ. "ಊಟದ ಬೆಲ್ ಆದ ಮೇಲೆ ಬರ್ತೀನಿ" ಎಂದು ಹೇಳಿ ಹೋಗಿ, ಹೇಳಿದ ಹೊತ್ತಿಗೇ ಬನ್ನಿ. ಅಳಲಿ, ನಾವು ಎತ್ತಿಕೊಳ್ಳುತ್ತೇವೆ.

ನಮ್ಮ ತಾಯಂದಿರಿಗೆ ಇನ್ನೊಂದು ಭಯವೂ ಇದೆ, ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೆ. ಬಾಬಾಸಾಹೇಬರು ಸಾತಾರದ ಶಾಲೆಯಲ್ಲಿ ಗೋಣಿತಟ್ಟಿನ ಮೇಲೆ ಒಬ್ಬರೇ ಕೂತವರು. ಅದಕ್ಕೇ, ಮಗು ಎಲ್ಲಿ ಕೂತಿತ್ತು, ಯಾರ ಪಕ್ಕ ಉಂಡಿತು ಎಂದು ನಮ್ಮನ್ನು ಕೇಳಿ. ಸಂಕೋಚ ಬೇಡ.