ಮಾರ್ತ ಎಂದರೆ ಯಜಮಾನಿ

ಕಳೆದ ವರ್ಷ ಮಗುವಿನ ಜ್ಞಾನಸ್ನಾನಕ್ಕೆ ಹೆಸರು ಬರೆಸಲು ಒಂದು ಕುಟುಂಬ ಬಂದಿತ್ತು. ಮುತ್ತಜ್ಜಿಯ ಹೆಸರು 'ಮಾರ್ತ'. ಅದನ್ನೇ ಇಡಬೇಕೆಂದು ಅಜ್ಜಿಯ ಹಟ. ತಾಯಿ ಒಪ್ಪಲಿಲ್ಲ. "ಬೇಡಿ ಫಾದರ್, ಆ ಹೆಸರಿಟ್ಟರೆ ನನ್ನ ಮಗಳೂ ಅಡಿಗೆಮನೆಯಲ್ಲೇ ಬದುಕು ಸವೆಸಬೇಕಾದೀತು" ಎಂದರು. ನಾನು ನಕ್ಕುಬಿಟ್ಟೆ. ನಗಬಾರದಿತ್ತು.

ಹೆಸರು ಬರೀ ಬೊಟ್ಟು ಮಾಡಿ ತೋರಿಸುತ್ತದೆ, ಗುಣವನ್ನೇನೂ ಹೇಳುವುದಿಲ್ಲ ಎಂದು 1843ರಲ್ಲೇ ಜಾನ್ ಸ್ಟುವರ್ಟ್ ಮಿಲ್ ವಾದಿಸಿದ್ದ. ಗುರುಮಠದಲ್ಲಿ ಅದನ್ನು ಓದಿ ತಲೆದೂಗಿದ್ದೆ. ಹಾಗಿದ್ದರೆ ಆ ತಾಯಿ ಹೆದರಿದ್ದೇಕೆ?

ಪ್ರಿಯ ಓದುಗರೇ, ತಪ್ಪು ಪ್ರಬೋಧನೆ ಮಾಡುವ ನಮ್ಮದೇ. ಮರಿಯ ಪ್ರಭುವಿನ ಪಾದದ ಬಳಿ ಕುಳಿತು ಆಲಿಸಿದಳು, ಮಾರ್ತ ಉಪಚಾರದ ಗಡಿಬಿಡಿಯಲ್ಲಿ ಗೊಣಗಿದಳು ಎಂದು ಲೂಕನ ಶುಭಸಂದೇಶದ 10ನೇ ಅಧ್ಯಾಯವನ್ನು ಹೇಳಿ ಹೇಳಿ ಆಕೆಯನ್ನು ಒಲೆಯ ಮುಂದೆಯೇ ಕೂರಿಸಿಬಿಟ್ಟಿದ್ದೇವೆ. ಆದರೆ ಯೇಸು ಆಡುತ್ತಿದ್ದ ಅರಮಾಯಿಕ್ ಭಾಷೆಯಲ್ಲಿ 'ಮಾರ್' ಎಂದರೆ ಒಡೆಯ, 'ಮಾರ್ತಾ' ಎಂದರೆ ಒಡತಿ, ಮನೆಯ ಯಜಮಾನಿ. ಕೇರಳದ ಸುರಿಯಾನಿ ಕ್ರೈಸ್ತರು ತಮ್ಮ ಧರ್ಮಾಧ್ಯಕ್ಷರ ಹೆಸರಿನ ಮುಂದೆ ಸೇರಿಸುವ 'ಮಾರ್' ಇದೇ. ಅಲ್ಲಿನ 'ಮರ್ತ ಮರಿಯಂ' ದೇವಾಲಯಗಳ ಹೆಸರಿನಲ್ಲಿ ಮಾತೆ ಮರಿಯಳಿಗೆ ಸಂದ ಗೌರವವೂ ಇದೇ ಪದ. ಗ್ರೀಕಿನ ಮೂಲಕ ಹೊರಟ ಹೆಸರು ಇಟಲಿ, ಸ್ಪೇನ್, ಪೋಲೆಂಡುಗಳಲ್ಲಿ ಮಾರ್ತಾ ಆಗಿ ಉಳಿಯಿತು. ಫ್ರೆಂಚರಿಗೆ ಮಾರ್ತ್, ರಷ್ಯನ್ನರಿಗೆ ಮಾರ್ಫಾ ಆಯಿತು. ಒಡೆತನದ ಅರ್ಥ ಮಾತ್ರ ದಾರಿಯಲ್ಲೆಲ್ಲೋ ಉದುರಿತು. ಇಂಗ್ಲಿಷಿನಲ್ಲಂತೂ ಮನೆಗೆಲಸದಲ್ಲೇ ಮುಳುಗಿದವಳನ್ನು ಮಾರ್ತ ಎನ್ನುವುದುಂಟು.

ನಮ್ಮ ಮನೆಗಳಲ್ಲೂ ನಡೆಯುವುದು ಇದೇ ಅಲ್ಲವೇ? 2013ರ ಆಹಾರ ಭದ್ರತಾ ಕಾಯಿದೆ ಪಡಿತರ ಚೀಟಿಯಲ್ಲಿ ಮನೆಯ ಹಿರಿಯ ಹೆಂಗಸನ್ನು ಮುಖ್ಯಸ್ಥೆ ಎಂದಿತು. 2023ರಲ್ಲಿ ಗೃಹಲಕ್ಷ್ಮಿ ಯೋಜನೆ ಬಂದಾಗ 'ಯಜಮಾನಿ'ಗೆ ತಿಂಗಳಿಗೆ 2,000 ರೂಪಾಯಿ ಎಂದರು. ಚೀಟಿಯಲ್ಲಿ ಯಜಮಾನಿ ಸರಿ. ಜಮೀನು ಮಾರುವ ಮಾತು, ಮಗಳ ಮದುವೆಯ ಮಾತು ಎದ್ದಾಗ ಅದೇ ಯಜಮಾನಿಗೆ "ಕಾಫಿ ತಗೊಂಬಾ" ಎನ್ನುತ್ತೇವೆ. ಒಬ್ಬರನ್ನು ಒಡತಿ ಎಂದು ಕರೆದು ಒಡೆತನ ಕೊಡದಿರುವುದು ಸುಳ್ಳಾಡಿದಂತೆಯೇ ಎಂದು ನನಗನಿಸುತ್ತದೆ.

ಯೊವಾನ್ನನ 11ನೇ ಅಧ್ಯಾಯವನ್ನೂ ಓದಿ. ತಮ್ಮ ಮನೆಯ ಲಾಜರ ತೀರಿಕೊಂಡಾಗ ಪ್ರಭುವನ್ನು ಎದುರುಗೊಳ್ಳಲು ಹೊರಟವಳು ಮಾರ್ತ. ಮರಿಯ ಮನೆಯಲ್ಲೇ ಉಳಿದಳು. ಯೇಸುವೇ ಕ್ರಿಸ್ತರೆಂದು, ದೇವರ ಪುತ್ರರೆಂದು ಆಕೆ ಹೇಳಿದ್ದು ಪೇತ್ರನ ವಿಶ್ವಾಸ ಪ್ರಕಟಣೆಗೆ ಸರಿಸಮನಾದ ಮಾತು. ಒಲೆಯಿಂದ ಎದ್ದು ಊರಾಚೆಗೆ ಹೋಗಿ ಆಡಿದ ಮಾತು!

ಇಷ್ಟನ್ನೂ ಆ ತಾಯಿಗೆ ಹೇಳಿದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರಿ ಫಾದರ್, ಮಾರ್ತ ಅಂತಲೇ ಬರೆದುಕೊಳ್ಳಿ. ಅರ್ಥವನ್ನು ಮಾತ್ರ ನಮ್ಮ ಯಜಮಾನರಿಗೂ ಒಂದು ಸಲ ಹೇಳಿಬಿಡಿ" ಎಂದು ಹೊರಗೆ ಸ್ಕೂಟರಿನ ಬಳಿ ನಿಂತಿದ್ದ ಗಂಡನನ್ನು ಕರೆದರು.