ಲಂಗರು ಬೀಳುವ ನೆಲ

ಗಾಳಿಯ ಬಲದಿಂದ ಸಾಗುವ ಹಾಯಿದೋಣಿಯಷ್ಟು ನಿರುಪದ್ರವಿಯಾದ ವಾಹನ ಮತ್ತೊಂದಿಲ್ಲವೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಹಾಯಿ ಬಿಚ್ಚಿದ ಮೇಲೆ ಹೊಗೆಯಿಲ್ಲ, ಸದ್ದಿಲ್ಲ. ನೀರಿನ ಮೇಲೆ ಅದು ಹಾದುಹೋದ ಗುರುತು ಕ್ಷಣಮಾತ್ರದಲ್ಲಿ ಅಳಿದುಹೋಗುತ್ತದೆ. ಆದರೆ ಸಾಗುವಾಗ ನಿರ್ದೋಷಿಯಾದ ದೋಣಿಯು ನಿಲ್ಲುವಾಗಲೂ ನಿರ್ದೋಷಿಯೇ? ಮೇಲ್ನೋಟಕ್ಕೆ ಕ್ಷುಲ್ಲಕವೆನಿಸುವ ಈ ಪ್ರಶ್ನೆ ವಿಚಾರಾರ್ಹವಾದುದು.

ಪಶ್ಚಿಮ ಮೆಡಿಟರೇನಿಯನ್ ಸಮುದ್ರದಲ್ಲಿ ಸ್ಪೇನ್ ದೇಶಕ್ಕೆ ಸೇರಿದ ಬಲಿಯಾರಿಕ್ ದ್ವೀಪಗಳಿವೆ. ಅವುಗಳಲ್ಲಿ ಇಬಿಜಾ ಮತ್ತು ಫಾರ್ಮೆಂಟೆರಾಗಳ ನಡುವೆ ಬೇಸಿಗೆಯಲ್ಲಿ ಸ್ನೇಹಿತರು ಗುಂಪುಗೂಡಿ ಹಾಯಿದೋಣಿಯಲ್ಲಿ ವಿಹರಿಸುವುದುಂಟು. ಹಗಲೆಲ್ಲ ಪಯಣ, ಸಂಜೆಗೆ ಯಾವುದಾದರೊಂದು ಕೊಲ್ಲಿಯಲ್ಲಿ ಲಂಗರು. ಅಲ್ಲಿನ ನೀರು ಎಷ್ಟು ತಿಳಿಯೆಂದರೆ ತಳವೇ ಕಾಣುತ್ತದೆ. ಮರಳಿರುವಲ್ಲಿ ತಿಳಿನೀಲಿ, ಪೊಸಿಡೋನಿಯಾ ಎಂಬ ಕಡಲಹುಲ್ಲು ಬೆಳೆದಲ್ಲಿ ಕಡುಗಪ್ಪು.

ಈ ಹುಲ್ಲು ಪಾಚಿಯಲ್ಲ. ಬೇರು, ಕಾಂಡ, ಎಲೆ, ಹೂವು, ಹಣ್ಣುಗಳುಳ್ಳ ಗಿಡ. ಮರಿಮೀನುಗಳಿಗೆ ಆಶ್ರಯ, ತೀರದ ಮರಳಿಗೆ ರಕ್ಷಣೆ. ಅದರ ಕಾಂಡ ವರ್ಷಕ್ಕೆ ಕೆಲವೇ ಸೆಂಟಿಮೀಟರುಗಳಷ್ಟು ಹಬ್ಬುತ್ತದೆ. ಹೀಗಿದ್ದೂ ಒಂದೇ ಗಿಡದಿಂದ ಕವಲೊಡೆದು ಸುಮಾರು 8 ಕಿಲೋಮೀಟರ್ ಹರಡಿದ ಹುಲ್ಲುಗಾವಲೊಂದು 2006ರಲ್ಲಿ ಇಲ್ಲಿ ಪತ್ತೆಯಾಯಿತು. ಅದಕ್ಕೂ ಮೊದಲೇ, 1999ರಲ್ಲಿ, ಯುನೆಸ್ಕೋ ಸಂಸ್ಥೆಯು ಇಬಿಜಾದ ಜೀವವೈವಿಧ್ಯವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತ್ತು.

ಲಂಗರು ಒಂಟಿಯಾಗಿ ಇಳಿಯುವುದಿಲ್ಲ. ಅದರೊಡನೆ ಆಳದ ಮೂರರಿಂದ ಐದುಪಟ್ಟು ಉದ್ದದ ಸರಪಳಿ ಇಳಿಯುತ್ತದೆ. ರಾತ್ರಿ ಗಾಳಿ ದಿಕ್ಕು ಬದಲಿಸಿದಾಗ ದೋಣಿ ಸುತ್ತುತ್ತದೆ, ಸರಪಳಿ ತಳವನ್ನು ಉಜ್ಜುತ್ತದೆ. ಬೆಳಿಗ್ಗೆ ಲಂಗರನ್ನೆತ್ತುವಾಗ ಹುಲ್ಲು ಬುಡಸಮೇತ ಕಿತ್ತುಬರುತ್ತದೆ. ಒಂದಿರುಳಿನ ಗಾಯ ಮಾಯಲು ದಶಕಗಳೇ ಬೇಕು. ಆದಕಾರಣವೇ ಬಲಿಯಾರಿಕ್ ಸರ್ಕಾರವು 2018ರಲ್ಲಿ ಈ ಹುಲ್ಲಿನ ಮೇಲೆ ಲಂಗರು ಹಾಕುವುದನ್ನು ನಿಷೇಧಿಸಿತು.

ಈಗ ಒಂದು ಸಂಜೆಯನ್ನು ಊಹಿಸೋಣ. ದೋಣಿಯಲ್ಲಿ ಆರು ಮಂದಿ ಗೆಳೆಯರು. ಮರಳಿನ ಜಾಗವನ್ನೆಲ್ಲ ಬೇರೆ ದೋಣಿಗಳು ಹಿಡಿದಿವೆ. ಎಲ್ಲರೂ ದಣಿದಿದ್ದಾರೆ, ಹಸಿದಿದ್ದಾರೆ. ಪಕ್ಕದಲ್ಲೇ ಕಪ್ಪು ನೀರು ಶಾಂತವಾಗಿದೆ. ಚುಕ್ಕಾಣಿ ಹಿಡಿದವನು ಸನ್ನೆ ಮಾಡುತ್ತಾನೆ. ಮುಂದೆ ನಿಂತವನು ಸರಪಳಿ ಬಿಡುತ್ತಾನೆ. ಉಳಿದ ನಾಲ್ವರು ಕಂಡೂ ಸುಮ್ಮನಿರುತ್ತಾರೆ. ದೋಷ ಯಾರದು?

ಮೊದಲನೆಯವನು, 'ನಾನು ಕೈಯಿಂದ ಮುಟ್ಟಲಿಲ್ಲ' ಎನ್ನಬಹುದು. ಎರಡನೆಯವನು, 'ಹೇಳಿದಂತೆ ಮಾಡಿದೆ' ಎನ್ನಬಹುದು. ನಾಲ್ವರದು ಒಂದೇ ಉತ್ತರ: 'ಗೆಳೆಯರ ಸಂತೋಷ ಕೆಡಿಸಲೇಕೆ?' ಮಾಡುವುದು, ಮಾಡಿಸುವುದು, ಅನುಮೋದಿಸುವುದು ಎಂದು ನಮ್ಮ ಹಿರಿಯರು ವಿಂಗಡಿಸಿದ ಮೂರೂ ಇಲ್ಲಿ ಒಂದೇ ದೋಣಿಯಲ್ಲಿವೆ. ದೋಷವನ್ನು ಆರು ಮಂದಿ ಹಂಚಿಕೊಂಡರೆ ಪ್ರತಿಯೊಬ್ಬರ ಪಾಲು ಆರರಲ್ಲೊಂದಾಗುವುದಿಲ್ಲ. ಏಕೆಂದರೆ ಅವರಲ್ಲಿ ಯಾರೊಬ್ಬರು ಬಾಯಿ ತೆರೆದಿದ್ದರೂ ಅದನ್ನು ತಡೆಯಬಹುದಾಗಿತ್ತು.

ಇದಕ್ಕೆ ಒಂದು ಆಕ್ಷೇಪವುಂಟು. ಸಮುದ್ರದಲ್ಲಿ ಒಬ್ಬನ ಮಾತು ನಡೆಯಬೇಕು, ಚರ್ಚೆಗೆ ತೊಡಗಿದರೆ ಪ್ರಾಣಕ್ಕೇ ಅಪಾಯ ಎನ್ನುತ್ತಾರೆ. ಇದು ನಿಜ. ಬಿರುಗಾಳಿ ಬೀಸುತ್ತಿದ್ದರೆ ಸಿಕ್ಕಲ್ಲಿ ನಿಲ್ಲುವುದೇ ಕರ್ತವ್ಯ; ಜೀವಗಳನ್ನು ಉಳಿಸಲು ಅನಿವಾರ್ಯವಾದುದನ್ನು ಯಾರೂ ಹಳಿಯಲಾರರು. ಆದರೆ ದಣಿವು ಬಿರುಗಾಳಿಯಲ್ಲ, ಹಸಿವು ಅಲೆಯಲ್ಲ. ಅನುಕೂಲಕ್ಕೆ ಅನಿವಾರ್ಯವೆಂಬ ಹೆಸರಿಡುವಲ್ಲಿಯೇ ಪ್ರಮಾದ ಆರಂಭವಾಗುತ್ತದೆ.

ಹಾಗಾದರೆ ಮಾಡಬೇಕಾದುದೇನು? ಹೊರಡುವ ಮುನ್ನವೇ ಎಲ್ಲಿ ತಂಗುವುದೆಂದು ಎಲ್ಲರೂ ಕೂಡಿ ನಿಶ್ಚಯಿಸುವುದು, ದೋಣಿ ಕಟ್ಟಲು ನೀರಿನಲ್ಲಿ ತೇಲುಗುಂಡುಗಳನ್ನಿಟ್ಟಿರುವ ಕಡೆ ಜಾಗ ಕಾಯ್ದಿರಿಸುವುದು, ಬೆಳಕಿರುವಾಗಲೇ ತಲುಪುವುದು. ಇಷ್ಟಾಗಿಯೂ ಜಾಗ ಸಿಗದಿದ್ದರೆ, 'ಮುಂದಿನ ಕೊಲ್ಲಿಗೆ ಹೋಗೋಣ, ಊಟ ತಡವಾದರೂ ಚಿಂತೆಯಿಲ್ಲ' ಎನ್ನುವವನೊಬ್ಬ ಆ ಆರು ಮಂದಿಯಲ್ಲಿರಬೇಕು. ಆ ಸಂಜೆ ಅವನ ಮೇಲೆ ಎಲ್ಲರಿಗೂ ಬೇಸರವಾದೀತು. ಆ ಬೇಸರವನ್ನು ಸಹಿಸಿಕೊಳ್ಳುವಷ್ಟು ಸ್ನೇಹ ಅವನಲ್ಲಿದ್ದರೆ ಸಾಕು.