ಅಪ್ಪ ಬಿಟ್ಟ ಸೈಕಲ್ಲು

ಬೇಕೆಂದೇ ಮೈಮೇಲೆ ಹಾಕಿಕೊಳ್ಳುವ ಕಷ್ಟಕ್ಕೂ ಬೇರೆ ದಾರಿಯಿಲ್ಲದೆ ಪಡುವ ಕಷ್ಟಕ್ಕೂ ನಾವು ಒಂದೇ ಹೆಸರು ಇಟ್ಟಿದ್ದೇವೆ. ಉಪವಾಸ ಅನ್ನುತ್ತೇವೆ, ಏಕಾದಶಿಯ ಹೊಟ್ಟೆಗೂ ಅದೇ ಮಾತು, ಮನೆಯಲ್ಲಿ ಅಕ್ಕಿಯಿಲ್ಲದ ಹೊಟ್ಟೆಗೂ ಅದೇ ಮಾತು. ಉರಿಯುವುದು ಎರಡರಲ್ಲೂ ಜಠರವೇ. ಆದರೆ ಮೊದಲನೆಯವನಿಗೆ ಪುಣ್ಯ, ಎರಡನೆಯವನಿಗೆ ಬರೀ ಹಸಿವು. ಈ ಲೆಕ್ಕ ಸರಿಯೇ ಎಂಬ ಪ್ರಶ್ನೆ ನನಗೆ ಎದುರಾದದ್ದು ಯಾವ ಗ್ರಂಥದಿಂದಲೂ ಅಲ್ಲ, ಸೈಕಲ್ಲಿನಿಂದ.

ನಾನು ಮೈಸೂರಿನಲ್ಲಿ ದಿನವೂ ಸೈಕಲ್ ತುಳಿದು ಕೆಲಸಕ್ಕೆ ಹೋಗಿಬರುವವನು. ಭಾನುವಾರ ಚಾಮುಂಡಿ ಬೆಟ್ಟ ಹತ್ತುತ್ತೇನೆ, ತಿಂಗಳಿಗೊಮ್ಮೆ ಮುಡುಕುತೊರೆಯವರೆಗೂ ಹೋಗುತ್ತೇನೆ. ನಮ್ಮಪ್ಪನ ಊರು ಮುಡುಕುತೊರೆಯ ಪಕ್ಕದಲ್ಲೇ. ಅಪ್ಪ ತನ್ನ ಹರೆಯದಲ್ಲಿ ಆ ಊರಿಂದ ತಿ. ನರಸೀಪುರದ ಅಕ್ಕಿ ಗಿರಣಿಯೊಂದಕ್ಕೆ ಲೆಕ್ಕ ಬರೆಯಲು ಹೋಗುತ್ತಿದ್ದ. ಹೋಗಿ ಬರುವುದು ಸೇರಿದರೆ ದಿನಕ್ಕೆ ಮೂವತ್ತು ಕಿಲೋಮೀಟರಿಗೂ ಮೇಲೆ, ಅದೂ ಇಪ್ಪತ್ತು ಕಿಲೋ ತೂಗುವ ಕಬ್ಬಿಣದ ಸೈಕಲ್ಲಿನಲ್ಲಿ, ಹಿಂದಿನ ಕ್ಯಾರಿಯರ್ ಮೇಲೆ ಒಮ್ಮೊಮ್ಮೆ ತೌಡಿನ ಮೂಟೆ ಬೇರೆ. ಹನ್ನೆರಡು ವರ್ಷ ಹೀಗೇ ನಡೆಯಿತು. ಮೊಪೆಡ್ ಕೊಂಡ ದಿನವೇ ಆ ಸೈಕಲ್ಲನ್ನು ಯಾರಿಗೋ ಕೊಟ್ಟುಬಿಟ್ಟ, ಒಂದು ಫೋಟೋ ಕೂಡ ಇಲ್ಲ. ಇಪ್ಪತ್ತೊಂದು ಗೇರಿನ ನನ್ನ ಸೈಕಲ್ಲು ಮನೆಗೆ ಬಂದಾಗ ಅದರ ಬೆಲೆ ಕೇಳಿ ಅಪ್ಪ ಹೇಳಿದ್ದು ಇಷ್ಟೇ: ‘ನಾವು ಬುಟ್ಬುಟ್ಟು ಬಂದುದ್ನ ನೀನು ದುಡ್ ಕೊಟ್ಟು ತಕಂಡ್ ಬಂದಿದ್ದೀಯಲ್ಲಪ್ಪ.’

ನಮ್ಮ ಆಡುಮಾತಿನಲ್ಲಿ ‘ಸೈಕಲ್ ಬಿಡೋದು’ ಅಂದರೆ ಓಡಿಸೋದು. ‘ಬಿಡೋದು’ ಅಂದರೆ ತೊರೆಯೋದೂ ಹೌದು. ಅಪ್ಪ ಸೈಕಲ್ ಬಿಟ್ಟ, ನಾನು ಸೈಕಲ್ ಬಿಡುತ್ತೇನೆ. ವ್ಯಾಕರಣ ಒಂದೇ, ಬದುಕು ಬೇರೆ.

ಅಪ್ಪನ ಮಾತಿಗೆ ಸುಲಭದ ಉತ್ತರಗಳಿವೆ. ಆರೋಗ್ಯ, ಪರಿಸರ, ಪೆಟ್ರೋಲಿನ ಬೆಲೆ. ಅವೆಲ್ಲ ನಿಜವೂ ಹೌದು. ಆದರೆ ನಾನು ಸೈಕಲ್ ತುಳಿಯುವುದು ಅದಕ್ಕಲ್ಲ. ಅದರಲ್ಲಿ ಸುಖವಿದೆ ಅಂತ. ಏದುಸಿರು ಬಿಡುವುದರಲ್ಲೇ ಒಂದು ಸುಖ. ಅಪ್ಪನಿಗೆ ಅರ್ಥವಾಗದೆ ಇರುವುದೂ, ಒಳಗೊಳಗೇ ಅವಮಾನ ಅನ್ನಿಸುವುದೂ ಇದೇ. ತಾನು ಹನ್ನೆರಡು ವರ್ಷ ಕಾಲು ಸವೆಸಿ ದಾಟಿದ ಹೊಳೆಗೆ ಮಗ ಈಜಲು ಬಂದಿದ್ದಾನೆ.

ಹೊಳೆಯ ಮಾತು ಬಂದದ್ದರಿಂದ ಮುಡುಕುತೊರೆಯ ಬಗ್ಗೆ ಹೇಳಬೇಕು. ಮುಡುಕು ಅಂದರೆ ತಿರುವು, ಮೂಲೆ. ತೊರೆ ಅಂದರೆ ಹೊಳೆ. ಕಾವೇರಿ ಇಲ್ಲಿ ತಿರುಗಿ ಹರಿಯುತ್ತಾಳೆ. ದಂಡೆಯ ಮೇಲೆ ಸೋಮಗಿರಿ ಎಂಬ ಪುಟ್ಟ ಬೆಟ್ಟ, ನೆತ್ತಿಯಲ್ಲಿ ಮಲ್ಲಿಕಾರ್ಜುನ. ತಲಕಾಡಿನ ಪಂಚಲಿಂಗಗಳಲ್ಲಿ ಇವನೂ ಒಬ್ಬ. ಮಾಘದ ಜಾತ್ರೆಯಲ್ಲಿ ಬೆಟ್ಟದ ತಪ್ಪಲಿನ ತುಂಬಾ ದನ. ಕೊಂಬಿಗೆ ಬಣ್ಣ ಬಳಿದ ಹಳ್ಳಿಕಾರ್ ಎತ್ತುಗಳನ್ನು ನೋಡಲೆಂದೇ ಹೋಗುವವರಿದ್ದಾರೆ, ಅವರಲ್ಲಿ ನಾನೂ ಒಬ್ಬ. ಏರು ಹತ್ತುವುದು ಇಷ್ಟವೋ ಅಂತ ಆ ಎತ್ತುಗಳನ್ನು ಯಾರೂ ಕೇಳುವುದಿಲ್ಲ ಅನ್ನುವುದು ಸೈಕಲ್ ತುಳಿದು ಅಲ್ಲಿಗೆ ಹೋದ ದಿನ ಮಾತ್ರ ಹೊಳೆಯುತ್ತದೆ.

ಮೈಸೂರಿನಿಂದ ಅಲ್ಲಿಗೆ ಸುಮಾರು 45 ಕಿಲೋಮೀಟರ್. ವರುಣಾ ದಾಟಿ ತಿ. ನರಸೀಪುರದವರೆಗಿನ ದಾರಿ ಕೋಳಿಕ್ಕೋಡಿನಿಂದ ಕೊಳ್ಳೇಗಾಲಕ್ಕೆ ಹೋಗುವ 766ನೇ ರಾಷ್ಟ್ರೀಯ ಹೆದ್ದಾರಿಯ ತುಂಡು. ಅಲ್ಲಿಂದ ಮುಂದೆ ತಲಕಾಡಿನ ರಸ್ತೆ. ಹೆದ್ದಾರಿಯಲ್ಲಿ ಸೈಕಲ್ಲಿನವನಿಗೆ ಜಾಗವಿಲ್ಲ ಅಂತ ಯಾವ ಫಲಕವೂ ಹೇಳುವುದಿಲ್ಲ. ಅದನ್ನು ಲಾರಿಯ ಗಾಳಿ ಹೇಳುತ್ತದೆ. ಒಂದು ಟಿಪ್ಪರ್ ಮೊಣಕೈ ಸವರಿಕೊಂಡು ಹೋದರೆ ಹಿಂದೆಯೇ ಬರುವ ಗಾಳಿಯ ಸುಳಿ ನಿಮ್ಮನ್ನು ಒಂದು ಸಲ ರಸ್ತೆಯ ಕಡೆಗೇ ಎಳೆದು ಆಮೇಲೆ ಬಿಡುತ್ತದೆ. ಹಾಗಾಗಿ ನನ್ನಂಥವರು ಬಳಸುದಾರಿ ಹುಡುಕುತ್ತೇವೆ: ನಾಲೆಯ ಏರಿ, ಗದ್ದೆಯ ನಡುವಿನ ಗಾಡಿಜಾಡು, ತೆಂಗಿನ ತೋಟದ ಬೇಲಿಗುಂಟ ಹೋಗಿ ಇದ್ದಕ್ಕಿದ್ದಂತೆ ಯಾರದೋ ಹಿತ್ತಿಲಿಗೆ ನುಗ್ಗುವ ಕಾಲುದಾರಿ.

ಈ ಬಳಸುದಾರಿಗಳ ಬಗ್ಗೆ ಸೈಕಲ್ಲಿನವರು ಬರೆಯುವುದೆಲ್ಲ ಪ್ರೇಮಪತ್ರಗಳೇ, ನಾನೂ ಬರೆದಿದ್ದೇನೆ. ನಾಟಿ ಮುಗಿದ ಗದ್ದೆಯಲ್ಲಿ ಸಾಲಾಗಿ ನಿಂತ ಬೆಳ್ಳಕ್ಕಿ, ನಾಲೆಯ ಸೋಪಾನದಲ್ಲಿ ಬಟ್ಟೆ ಒಗೆಯುವ ಸದ್ದು, ಬೆಲ್ಲ ಕಾಯಿಸುವ ಆಲೆಮನೆಯ ಹೊಗೆ. ಎಲ್ಲವೂ ಇದೆ, ಸುಳ್ಳಲ್ಲ. ಆದರೆ ಒಂದು ಮಾತು ಬಿಟ್ಟುಹೋಗುತ್ತದೆ. ಈ ದಾರಿ ನಾನು ಆರಿಸಿಕೊಂಡದ್ದು ಅನ್ನುವುದು ಅರ್ಧಸತ್ಯ. ನೇರ ದಾರಿಯಿಂದ ನನ್ನನ್ನು ಹೊರಗೆ ಹಾಕಿದ್ದಾರೆ ಅನ್ನುವುದು ಇನ್ನರ್ಧ. ಹೊರಗೆ ಹಾಕಿಸಿಕೊಂಡದ್ದನ್ನೇ ಸೌಂದರ್ಯ ಮಾಡಿಕೊಳ್ಳುವ ಜಾಣತನ ಮನುಷ್ಯನಿಗಿದೆ. ಹೊಳೆಗೂ ಇದ್ದೀತೇನೋ. ಮುಡುಕುತೊರೆಯ ತಿರುವನ್ನು ನಾವು ಬೆಟ್ಟದ ಮೇಲೆ ನಿಂತು ಎಷ್ಟು ಚೆಂದ ಅನ್ನುತ್ತೇವೆ. ಕಾವೇರಿಗೆ ಅಲ್ಲಿ ನೇರ ಹೋಗುವ ದಾರಿ ಸಿಕ್ಕಿರಲಿಲ್ಲ, ಅಷ್ಟೆ.

ನನಗೆ ಹೊತ್ತಿದೆ, ಅದಕ್ಕೆ ಬಳಸುದಾರಿ ಸುಖ. ಹೊತ್ತಿಲ್ಲದವನು ಏನು ಮಾಡಬೇಕು? ತಲಕಾಡು ರಸ್ತೆಯಲ್ಲಿ ಆಗಾಗ ಸಿಗುವ ಒಬ್ಬ ಹಿರಿಯರಿದ್ದಾರೆ. ಕ್ಯಾರಿಯರ್ ಮೇಲೆ ಅಡ್ಡಡ್ಡ ಹೇರಿದ ಹಸಿಹುಲ್ಲಿನ ಹೊರೆ, ಹಿಂದಿನಿಂದ ನೋಡಿದರೆ ಹುಲ್ಲೇ ನಡೆದುಹೋಗುವಂತೆ ಕಾಣುತ್ತದೆ. ಸಣ್ಣ ಏರು ಬಂದರೂ ಅವರು ಇಳಿದು ತಳ್ಳುತ್ತಾರೆ. ನಾನು ಗೇರು ಬದಲಾಯಿಸಿ ಅವರನ್ನು ಹಿಂದೆ ಹಾಕುತ್ತೇನೆ. ಒಂದೇ ಏರು, ಇಬ್ಬರದೂ ಬೆವರು. ನನ್ನ ಕೈಗಡಿಯಾರ ನನ್ನ ಬೆವರನ್ನು ಲೆಕ್ಕ ಹಾಕಿ ಸಂಜೆ ಒಂದು ಪದಕದ ಚಿತ್ರ ತೋರಿಸುತ್ತದೆ. ಅವರ ಬೆವರಿಗೆ ಒಂದು ಎಮ್ಮೆಯ ಎರಡು ಹೊತ್ತಿನ ಮೇವು.

ಚಾಮುಂಡಿ ಬೆಟ್ಟದ ಲೆಕ್ಕವನ್ನೇ ತೆಗೆದುಕೊಳ್ಳಿ. ಊರಿಂದ ಬೆಟ್ಟದ ತುದಿ ಸುಮಾರು 300 ಮೀಟರ್ ಎತ್ತರ. ನಾನೂ ಸೈಕಲ್ಲೂ ಸೇರಿ 85 ಕಿಲೋ. ಇಷ್ಟು ಭಾರವನ್ನು ಅಷ್ಟು ಮೇಲೆ ಎತ್ತಲು ಭೌತಶಾಸ್ತ್ರ ಕೇಳುವುದು 60 ಕ್ಯಾಲೊರಿ ಮಾತ್ರ. ಮೈ ಎಂಬ ಯಂತ್ರ ತಿಂದದ್ದರಲ್ಲಿ ಕಾಲು ಭಾಗವನ್ನಷ್ಟೇ ಕೆಲಸಕ್ಕೆ ಕೊಟ್ಟು ಉಳಿದದ್ದನ್ನು ಬಿಸಿ ಮಾಡಿ ಬಿಡುವುದರಿಂದ 240 ಅನ್ನೋಣ. ಒಂದು ದೊಡ್ಡ ರಾಗಿಮುದ್ದೆಗೂ ಕಡಿಮೆ! ನಾವು ಸಾಧನೆ ಅಂತ ಹೇಳಿಕೊಂಡು ತಿರುಗುವುದು ಮುಕ್ಕಾಲು ಮುದ್ದೆಯ ಕೆಲಸ.

ಹಾಗಂತ ಬೇಕೆಂದು ಪಡುವ ಶ್ರಮವೆಲ್ಲ ನಾಟಕ ಅನ್ನಲು ನನಗೆ ಮನಸ್ಸಿಲ್ಲ. ಅದೇ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲುಗಳನ್ನು ಹೆಂಗಸರು ಒಂದೊಂದಕ್ಕೂ ಬಗ್ಗಿ ಅರಿಶಿನ ಕುಂಕುಮ ಹಚ್ಚುತ್ತಾ ಹತ್ತುತ್ತಾರೆ. ಮೇಲಕ್ಕೆ ಬಸ್ಸಿದೆ ಅಂತ ಅವರಿಗೆ ಗೊತ್ತಿಲ್ಲವೇ? ಶಿವರಾತ್ರಿಯ ಹೊತ್ತಿಗೆ ಮಲೆ ಮಹದೇಶ್ವರ ಬೆಟ್ಟಕ್ಕೆ ಈ ಸೀಮೆಯ ಹಳ್ಳಿಗಳಿಂದ ಬರಿಗಾಲಲ್ಲಿ ಹೊರಡುವವರಿಗೂ ಗೊತ್ತು. ವರ್ಷವಿಡೀ ಹೊಲದಲ್ಲಿ ಬೇರೆಯವರ ಹೊತ್ತಿಗೆ ಬೇರೆಯವರ ಕೆಲಸಕ್ಕೆ ಬಗ್ಗಿದ ಬೆನ್ನು ಒಂದು ದಿನ ತನ್ನ ಇಷ್ಟಕ್ಕೆ ಬಗ್ಗುತ್ತದೆ. ತನ್ನ ಮೈಯ ಕಷ್ಟಕ್ಕೆ ತಾನೇ ಯಜಮಾನನಾಗುವ ಅವಕಾಶ ಅದು. ಬಡವರಿಗೆ ಹರಕೆ ಬೇಕಾಗುವುದು ಬರೀ ಭಕ್ತಿಗಲ್ಲ ಅಂತ ನನಗೆ ಬಲವಾಗಿ ಅನ್ನಿಸುತ್ತದೆ.

ಆದ್ದರಿಂದ ಕಷ್ಟದ ಬೆಲೆ ಕಷ್ಟದಲ್ಲಿಲ್ಲ. ಅದನ್ನು ಕೆಳಗಿಡಬಹುದೇ ಇಲ್ಲವೇ ಅನ್ನುವುದರಲ್ಲಿದೆ. ನನಗೆ ಸುಸ್ತಾದರೆ ಫೋನ್ ಮಾಡಿ ಗಾಡಿ ತರಿಸಬಹುದು. ಒಮ್ಮೆಯೂ ತರಿಸಿಲ್ಲ, ಆದರೆ ತರಿಸಬಹುದು ಎಂಬ ತಿಳಿವಳಿಕೆ ಪ್ರತಿ ಏರಿನಲ್ಲೂ ನನ್ನ ಜೊತೆ ಕೂತಿರುತ್ತದೆ, ಹಿಂದಿನ ಸೀಟಿನಲ್ಲಿ. ಅಪ್ಪನ ಕ್ಯಾರಿಯರ್ ಮೇಲೆ ಕೂತಿದ್ದದ್ದು ತೌಡಿನ ಮೂಟೆ.

ಕೆಲವು ಗೆಳೆಯರು ಸೈಕಲ್ ತುಳಿಯುವುದನ್ನು ‘ಕಾಯಕ’ ಅನ್ನುತ್ತಾರೆ. ಈ ಮಾತು ನನಗೆ ಸರಿಬರುವುದಿಲ್ಲ. ಶರಣರ ಕಾಯಕ ಬರೀ ಮೈದಣಿವಲ್ಲ; ಅದರಿಂದ ಏನೋ ಹುಟ್ಟಬೇಕು, ಹುಟ್ಟಿದ್ದು ದಾಸೋಹಕ್ಕೆ ಸಲ್ಲಬೇಕು. ಆಯ್ದಕ್ಕಿ ಮಾರಯ್ಯ ಬಿದ್ದ ಅಕ್ಕಿಯನ್ನು ಆಯ್ದು ತರುತ್ತಿದ್ದ. ಒಂದು ದಿನ ಹೆಚ್ಚು ತಂದಾಗ ಹೆಂಡತಿ ಲಕ್ಕಮ್ಮ ಒಪ್ಪದೆ ಹೆಚ್ಚಿನದನ್ನು ವಾಪಸು ಕಳಿಸಿದಳು. ಭಾನುವಾರದ ನನ್ನ ಬೆಟ್ಟ ಹತ್ತುವಿಕೆಯಿಂದ ಒಂದು ಕಾಳು ಅಕ್ಕಿಯೂ ಮನೆಗೆ ಬರುವುದಿಲ್ಲ. ಅದು ಆಟ. ಆಟ ಅಂದರೆ ಕೀಳಲ್ಲ, ಆದರೆ ಆಟವನ್ನು ಆಟ ಅಂತಲೇ ಕರೆಯಬೇಕು. ಆದರೆ ಲಕ್ಕಮ್ಮನ ಪ್ರಶ್ನೆ ಬೇರೊಂದು ಕಡೆಯಿಂದ ಸೈಕಲ್ಲಿಗೂ ಬಂದು ತಾಗುತ್ತದೆ: ಎಷ್ಟು ಸಾಕು? ಅಕ್ಕಿ ಎಷ್ಟು ಸಾಕು ಅನ್ನುವಂತೆಯೇ ವೇಗ ಎಷ್ಟು ಸಾಕು?

ಇದನ್ನು ಕೇಳಿದವರು ಇವಾನ್ ಇಲಿಚ್. 1974ರಲ್ಲಿ ಪುಸ್ತಕವಾಗಿ ಬಂದ ‘ಎನರ್ಜಿ ಅಂಡ್ ಈಕ್ವಿಟಿ’ಯಲ್ಲಿ ಅವರು ಒಂದು ಲೆಕ್ಕ ಕೊಡುತ್ತಾರೆ. ಸಾಮಾನ್ಯ ಅಮೆರಿಕನ್ ಒಬ್ಬ ತನ್ನ ಕಾರಿಗಾಗಿ ವರ್ಷಕ್ಕೆ 1,600 ಗಂಟೆ ಕೊಡುತ್ತಾನೆ. ಓಡಿಸಲು, ನಿಲ್ಲಿಸಲು, ಅದರ ಕಂತು, ವಿಮೆ, ಪೆಟ್ರೋಲಿಗಾಗಿ ದುಡಿಯಲು. ಪ್ರತಿಯಾಗಿ ಕ್ರಮಿಸುವುದು 7,500 ಮೈಲಿ. ಭಾಗಿಸಿದರೆ ಗಂಟೆಗೆ ಐದು ಮೈಲಿಯೂ ಇಲ್ಲ, ಬಿರುಸಾಗಿ ನಡೆದಷ್ಟೇ. ಈ ಲೆಕ್ಕವನ್ನು ಎಲ್ಲರೂ ಉಲ್ಲೇಖಿಸುತ್ತಾರೆ. ನನಗೆ ಅದಕ್ಕಿಂತ ಮುಖ್ಯ ಅನ್ನಿಸುವುದು ಅವರ ಇನ್ನೊಂದು ವಾದ: ಒಂದು ಮಿತಿ ದಾಟಿದ ವೇಗ ನಿಧಾನಿಗಳ ಹೊತ್ತನ್ನು ಕಿತ್ತುಕೊಂಡೇ ಬದುಕುತ್ತದೆ. ಆ ಮಿತಿಯನ್ನು ಅವರು ಸುಮಾರು ಸೈಕಲ್ಲಿನ ವೇಗಕ್ಕೇ ಇಟ್ಟರು. ಅಷ್ಟು ಕಟ್ಟುನಿಟ್ಟನ್ನು ನಾನು ಒಪ್ಪಲಾರೆ; ಹೆರಿಗೆ ನೋವಿನಲ್ಲಿ ಆಂಬುಲೆನ್ಸ್ ಕಾಯುವ ಮುಡುಕುತೊರೆಯ ಹೆಣ್ಣುಮಗಳ ಮುಂದೆ ಈ ಮಾತು ಹೇಳುವ ಧೈರ್ಯ ಯಾರಿಗಿದೆ? ಆದರೆ ಅಗಲಗೊಂಡ ಹೆದ್ದಾರಿಯ ಅಂಚಿನಲ್ಲಿ ನಿಂತು ದಾಟಲಾಗದೆ ಕಾಯುವವರನ್ನು ನೋಡಿದಾಗ ಮೈಸೂರು ಹತ್ತಿರವಾಯಿತು ಅನ್ನುವ ನಮ್ಮ ಖುಷಿಯ ಬೆಲೆಯನ್ನು ಕಂತಿನಲ್ಲಿ ಕಟ್ಟುತ್ತಿರುವವರು ಯಾರು ಅಂತ ಕಾಣುತ್ತದೆ.

ಅಪ್ಪನ ಕಥೆಗೆ ವಿರುದ್ಧವಾದ ಕಥೆಯೂ ಇದೇ ರಸ್ತೆಯಲ್ಲಿದೆ. 2006-07ರಲ್ಲಿ ಸರ್ಕಾರ ಎಂಟನೇ ತರಗತಿಯ ಹೆಣ್ಣುಮಕ್ಕಳಿಗೆ ಸೈಕಲ್ ಕೊಡಲು ಶುರುಮಾಡಿತು, ಆಮೇಲೆ ಗಂಡುಮಕ್ಕಳಿಗೂ ಬಂತು. ಹೈಸ್ಕೂಲು ಪಕ್ಕದೂರಿನಲ್ಲಿದೆ ಎಂಬ ಕಾರಣಕ್ಕೇ ಓದು ನಿಲ್ಲುತ್ತಿದ್ದ ಮಕ್ಕಳು ಎರಡು ಜಡೆ ಹಾಕಿಕೊಂಡು ಮೂವರು ಅಡ್ಡಸಾಲಾಗಿ ರಸ್ತೆಯನ್ನೆಲ್ಲ ಹಿಡಿದು, ಹಿಂದೆ ಎಷ್ಟು ಹಾರ್ನ್ ಹೊಡೆದರೂ ಮಾತು ನಿಲ್ಲಿಸದೆ ಹೋಗುತ್ತಿದ್ದ ನೋಟ ನನ್ನ ಕಣ್ಣಲ್ಲಿದೆ. ಅವರಿಗೆ ಸೈಕಲ್ ಹೊರೆಯೂ ಅಲ್ಲ, ಆಟವೂ ಅಲ್ಲ. ಮನೆಯವರನ್ನು ಕೇಳದೆ ಮೂರು ಕಿಲೋಮೀಟರ್ ದೂರ ಹೋಗಬಲ್ಲ ಶಕ್ತಿ. ಕೊರೋನಾ ಕಾಲದಲ್ಲಿ ಆ ಯೋಜನೆ ನಿಂತಿತು. ಅಪ್ಪನಿಗೆ ಸೈಕಲ್ ಬಿಡುವುದು ಬಿಡುಗಡೆಯಾಗಿತ್ತು, ಈ ಹುಡುಗಿಯರಿಗೆ ಹತ್ತುವುದು ಬಿಡುಗಡೆ. ವಸ್ತು ಅದೇ, ಪೆಡಲ್ ಎರಡೇ.

ಇವರೆಲ್ಲರ ನಡುವೆ ನನ್ನಂಥ ಹವ್ಯಾಸಿಯ ಜಾಗ ಯಾವುದು? ಹುಲ್ಲಿನ ಹೊರೆಯವರನ್ನು ನೋಡಿ ‘ಎಂಥ ಸರಳ ಬದುಕು’ ಅಂತ ಮೆಚ್ಚುವುದು ಅಸಹ್ಯ. ಅವರ ಬಡತನಕ್ಕೆ ನನ್ನ ಕವಿತ್ವದ ಬಣ್ಣ ಬಳಿದಂತೆ. ಎಲ್ಲರೂ ಸೈಕಲ್ ತುಳಿಯಿರಿ ಅಂತ ಉಪದೇಶ ಮಾಡುವುದು ಅದಕ್ಕಿಂತ ಅಸಹ್ಯ. ಮೊಪೆಡ್ ಕೊಳ್ಳಲು ಹಣ ಕೂಡಿಡುತ್ತಿರುವವನಿಗೆ ಹವಾಮಾನದ ಪಾಠ ಹೇಳುವ ಹಕ್ಕು ನನಗಿಲ್ಲ. ಆದರೆ ನಮ್ಮ ನಡುವೆ ಹಂಚಿಕೊಂಡದ್ದು ಒಂದಿದೆ: ರಸ್ತೆಯ ಎಡ ಅಂಚಿನ ಒಂದು ಮೀಟರು. ಅದರ ಬಗ್ಗೆ ನಾನು ದನಿ ಎತ್ತಿದರೆ ಕೇಳುವವರಿದ್ದಾರೆ, ಅರ್ಜಿ ಬರೆಯಲು ಬರುತ್ತದೆ, ಕಚೇರಿಯಲ್ಲಿ ಕುರ್ಚಿ ಕೊಡುತ್ತಾರೆ. ಅವರು ಹೋದರೆ ನಾಳೆ ಬಾ ಅನ್ನುತ್ತಾರೆ. ಆಟಕ್ಕೆ ಬಂದವನು ಆಟದ ಬಯಲಿನ ಬಾಡಿಗೆ ಕಟ್ಟುವ ರೀತಿ ಇದು ಅಂತ ಇಟ್ಟುಕೊಂಡಿದ್ದೇನೆ.

ಮೈಸೂರಿನಲ್ಲಿ 2017ರ ಜೂನ್‌ನಲ್ಲಿ ‘ಟ್ರಿಣ್ ಟ್ರಿಣ್’ ಬಂದಾಗ, 450 ಸೈಕಲ್ಲುಗಳು ನಿಲ್ದಾಣಗಳಲ್ಲಿ ಸಾಲಾಗಿ ನಿಂತಾಗ, ಊರು ಬದಲಾಯಿತು ಅಂತ ಸಂಭ್ರಮಿಸಿದವರಲ್ಲಿ ನಾನೂ ಇದ್ದೆ. ಈಗಲೂ ಅದನ್ನು ಒಳ್ಳೆಯ ಕೆಲಸ ಅಂತಲೇ ಅನ್ನುತ್ತೇನೆ. ಆದರೆ ಸೈಕಲ್ ಕೊಡುವುದು ಸುಲಭ, ಅದು ಓಡುವ ಜಾಗ ಕೊಡುವುದು ಕಷ್ಟ. ಯಾಕೆಂದರೆ ಜಾಗವನ್ನು ಯಾರಿಂದಲೋ ತೆಗೆದುಕೊಂಡೇ ಕೊಡಬೇಕು. ದಿನವೂ ನಾನು ಹೋಗುವ ದಾರಿಯಲ್ಲಿ ರಸ್ತೆಯ ಎಡ ಅಂಚು ಪೂರ್ತಿ ನಿಂತ ಕಾರುಗಳದ್ದು.

ಹುಲ್ಲಿನ ಹೊರೆಯ ಹಿರಿಯರ ಜೊತೆ ಒಂದು ಸಲ ಮುಡುಕುತೊರೆ ಬೆಟ್ಟದ ಕೆಳಗಿನ ಟೀ ಅಂಗಡಿಯಲ್ಲಿ ಮಾತಿಗೆ ಕೂತಿದ್ದೆ. ನನ್ನ ಗೇರುಗಳನ್ನು ಬೆರಳಲ್ಲಿ ತಿರುಗಿಸಿ ನೋಡಿದರು, ಸೈಕಲ್ಲನ್ನು ಒಂದೇ ಕೈಯಲ್ಲಿ ಎತ್ತಿ ನೋಡಿ ನಕ್ಕರು. ಇಂಥದ್ದೊಂದಿದ್ದರೆ ನಿಮಗೆ ಏರಿನಲ್ಲಿ ಅನುಕೂಲ ಅಲ್ಲವೇ ಅಂದೆ. ‘ಏರು ಬಂದ್ರೆ ಇಳಿದು ತಳ್ತೀನಿ, ಅದ್ರಾಗೇನೈತೆ’ ಅಂದರು. ಆಮೇಲೆ ಟೀ ಲೋಟ ಕೆಳಗಿಟ್ಟು, ‘ರಸ್ತೆ ಅಂಚು ಗೇಣುದ್ದ ಕಿತ್ತೋಗದೆ ಅಲ್ಲಿ, ಸೇತುವೆ ತಾವ. ಲಾರಿ ಬಂದ್ರೆ ಇಳಿಯಾಕೂ ಜಾಗ ಇಲ್ಲ. ನೀವು ಓದ್ದೋರು, ಅದ್ನ ಬರೀರಿ’ ಅಂದರು.